ಹರಳು ಗಿಡಕ್ಕೂ ರಫ್ಲೀಸಿಯಾಕ್ಕೂ ಎಲ್ಲಿಯ ನೆಂಟಸ್ತಿಕೆ?

ಹಿಂದಿನ ಸಂಚಿಕೆಯಲ್ಲಿ ಜಗತ್ತಿನ ದೊಡ್ಡ ಹೂಗಳ ಬಗ್ಗೆ ಬರೆಯುವಾಗ ಒಂದು ಸಾಲು ಹಾಕಿ ಮುಂದೆ ಹೋಗಿದ್ದೆ: ‘ರಫ್ಲೀಸಿಯಾ ಹರಳು ಗಿಡದ ನೆಂಟ. ಎರಡೂ ಮಾಲ್ಪಿಗಿಯೇಲ್ಸ್ ಗಣದವು.’ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನ ಮೇಲೇ ಇವೆ. ಕೆಲವರಿಗೆ ಕುತೂಹಲ, ಕೆಲವರಿಗೆ ಅನುಮಾನ, ಒಬ್ಬರಿಗಂತೂ ಸಿಟ್ಟೇ ಬಂದಿದೆ. ಉಳಿದ ಪ್ರಶ್ನೆಗಳು ಮುಂದಿನ ಸಲಕ್ಕಿರಲಿ. ಈ ಬಾರಿ ಇದೇ ಗಣದ, ಅಂದರೆ ಹಲವು ಸಸ್ಯ ಕುಟುಂಬಗಳು ಸೇರಿದ ಈ ದೊಡ್ಡ ಗುಂಪಿನ, ಸುತ್ತ ಓಡಾಡೋಣ.

ಪ್ರಶ್ನೆ: ಹರಳು ಗಿಡದ ಹೂ ಇಷ್ಟೇ ಇಷ್ಟು. ರಫ್ಲೀಸಿಯಾ ಹೂ ಒಂದು ಮೀಟರ್ ಅಗಲ. ಒಂದಕ್ಕೆ ಅಂಗೈಯಗಲದ ಎಲೆ, ಇನ್ನೊಂದಕ್ಕೆ ಎಲೆಯೇ ಇಲ್ಲ. ಯಾವ ಆಧಾರದ ಮೇಲೆ ನೆಂಟರು ಅಂತೀರಿ ಮೇಡಂ?
– ಬಿ.ಎಸ್‌ಸಿ. ವಿದ್ಯಾರ್ಥಿನಿ

ಅನುಮಾನ ಸರಿಯಾಗಿಯೇ ಇದೆಯಮ್ಮ. ಸುಮಾರು ಎರಡು ಶತಮಾನ ಸಸ್ಯಶಾಸ್ತ್ರಜ್ಞರೂ ಇದೇ ಪ್ರಶ್ನೆ ಕೇಳುತ್ತಿದ್ದರು.

1818ರಲ್ಲಿ ಸುಮಾತ್ರಾ ದ್ವೀಪದ ಕಾಡಿನಲ್ಲಿ ಬ್ರಿಟಿಷ್ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಫಲ್ಸ್ ಜೊತೆ ಹೋಗಿದ್ದ ವೈದ್ಯ ಜೋಸೆಫ್ ಆರ್ನಾಲ್ಡ್ ಈ ಹೂವನ್ನು ನೋಡಿದ. ಅದೇ ವರ್ಷ ಜ್ವರ ಬಂದು ತೀರಿಕೊಂಡ. ಹೂವನ್ನು ವಿವರಿಸಿ, ಇಬ್ಬರ ಹೆಸರನ್ನೂ ಸೇರಿಸಿ ರಫ್ಲೀಸಿಯಾ ಆರ್ನಾಲ್ಡಿ ಎಂದು ಕರೆದವನು ರಾಬರ್ಟ್ ಬ್ರೌನ್. ಹೆಸರೇನೋ ಸಿಕ್ಕಿತು, ಯಾರ ಮನೆಯದು ಅಂತ ಹೇಳುವುದು ಹೇಗೆ? ಗಿಡದ ಸಂಬಂಧ ಹುಡುಕುವವರು ಎಲೆ ಜೋಡಣೆ, ಕಾಂಡದ ಒಳರಚನೆ, ಅಂಡಾಶಯ ಇವನ್ನೆಲ್ಲ ನೋಡುತ್ತಾರೆ. ಇದಕ್ಕೆ ಎಲೆ ಇಲ್ಲ, ಕಾಂಡ ಇಲ್ಲ, ಬೇರೂ ಇಲ್ಲ. ದ್ರಾಕ್ಷಿ ಕುಟುಂಬದ ಟೆಟ್ರಾಸ್ಟಿಗ್ಮಾ ಎಂಬ ಬಳ್ಳಿಯೊಳಗೆ ನೂಲಿನಂತೆ ಹರಡಿಕೊಂಡಿದ್ದು ಬಳ್ಳಿಯ ಅನ್ನವನ್ನೇ ಉಣ್ಣುತ್ತದೆ. ಹೊರಗೆ ಬರುವುದು ಹೂವು ಮಾತ್ರ. ಅದೂ ಕೊಳೆತ ಮಾಂಸದ ವಾಸನೆ ಬೀರಿ ನೊಣಗಳನ್ನು ಕರೆಯುವ ಹೂವು. ಹೋಲಿಸಲು ಕೈಗೆ ಏನೂ ಸಿಗದ ಗಿಡ ಎಂದರೆ ಇದೇ.

ಡಿಎನ್‌ಎ ಬಂದಾಗ ಎಲ್ಲರೂ ಖುಷಿಪಟ್ಟರು. ಆದರೆ ಹಸಿರು ಗಿಡಗಳ ಸಂಬಂಧ ಹುಡುಕಲು ಎಲ್ಲರೂ ಬಳಸುತ್ತಿದ್ದದ್ದು ಕ್ಲೋರೋಪ್ಲಾಸ್ಟಿನ ಜೀನುಗಳನ್ನು. ದ್ಯುತಿಸಂಶ್ಲೇಷಣೆಯನ್ನೇ ಬಿಟ್ಟ ಈ ಗಿಡದಲ್ಲಿ ಅವು ಸಿಗಲಿಲ್ಲ. ಹಾಗಾಗಿ ಮೈಟೊಕಾಂಡ್ರಿಯಾದ ಜೀನುಗಳ ಕಡೆ ತಿರುಗಿದರು. 2004ರಲ್ಲಿ ತಮಾಷೆ ನಡೆಯಿತು. ಒಂದು ಜೀನು ‘ನಾನು ಮಾಲ್ಪಿಗಿಯೇಲ್ಸ್’ ಅಂದಿತು. ಇನ್ನೊಂದು ‘ನಾನು ದ್ರಾಕ್ಷಿಯ ಕಡೆಯವನು’ ಅಂದಿತು. ಒಂದೇ ಗಿಡ, ಎರಡು ಸಾಕ್ಷಿ. ಎರಡನೆಯದು ಸುಳ್ಳು ಹೇಳುತ್ತಿರಲಿಲ್ಲ. ಆ ಜೀನು ನಿಜವಾಗಿಯೂ ದ್ರಾಕ್ಷಿ ಕಡೆಯದೇ. ಆಶ್ರಯ ಕೊಟ್ಟ ಬಳ್ಳಿಯಿಂದ ಪರಾವಲಂಬಿಯ ಒಳಗೆ ನುಸುಳಿ ಅಲ್ಲೇ ಉಳಿದುಬಿಟ್ಟಿತ್ತು. ಅನ್ನ ಕದಿಯುವುದು ಗೊತ್ತಿತ್ತು, ಜೀನನ್ನೂ ಕದಿಯುತ್ತದೆ ಅಂತ ಆಗ ತಿಳಿಯಿತು.

2007ರಲ್ಲಿ ಇನ್ನಷ್ಟು ಜೀನುಗಳನ್ನು ಸೇರಿಸಿ ನೋಡಿದಾಗ ಜಾಗ ಇನ್ನೂ ಖಚಿತವಾಯಿತು. ರಫ್ಲೀಸಿಯಾ ಹುಟ್ಟಿದ್ದು ಯುಫೋರ್ಬಿಯೇಸಿಯಿಯ ಒಳಗಿನಿಂದಲೇ, ಅಂದರೆ ಹರಳು, ರಬ್ಬರ್, ಮರಗೆಣಸು, ಕಳ್ಳಿಗಳ ಕುಟುಂಬದಿಂದ. ಈ ಕುಟುಂಬದ ಹೆಚ್ಚಿನ ಹೂಗಳು ಪುಟಾಣಿ. ಅಂಥ ಪೂರ್ವಜರಿಂದ ಹೊರಟ ಈ ಒಂದು ಕವಲಿನಲ್ಲಿ ಹೂವಿನ ಅಗಲ ಸುಮಾರು 79 ಪಟ್ಟು ಬೆಳೆದಿದೆ ಎಂದು ಆ ತಂಡ ಲೆಕ್ಕ ಹಾಕಿತು. 2021ರಲ್ಲಿ ಇದರ ಒಡಹುಟ್ಟು ಸಾಪ್ರಿಯಾದ ಇಡೀ ಜೀನೋಮ್ ಓದಿದರು. ಬೇರೆ ಹೂಬಿಡುವ ಗಿಡಗಳಲ್ಲೆಲ್ಲ ಸಾಮಾನ್ಯವಾಗಿ ಇರುವ ಜೀನುಗಳಲ್ಲಿ ಶೇ. 44ರಷ್ಟು ಅದರಲ್ಲಿ ಇಲ್ಲವೇ ಇಲ್ಲ. ಎಲೆ ಬೇರು ಬಿಟ್ಟಿದ್ದು ಹೊರಗಿನ ಕಥೆ. ಒಳಗಿನ ಕಥೆ ಅದಕ್ಕಿಂತ ಜಾಸ್ತಿ.

ಒಂದು ಮಾತು ಗಮನಿಸು. ‘ನೆಂಟ’ ಅಂದರೆ ನೋಡಲು ಒಂದೇ ಥರ ಅಂತಲ್ಲ, ಒಂದೇ ಪೂರ್ವಜರಿಂದ ಬಂದವರು ಅಂತ. ಎಲೆ, ಹೂವಿನ ಅಳತೆ ಇವೆಲ್ಲ ಬದುಕುವ ರೀತಿಗೆ ತಕ್ಕಂತೆ ಬೇಗ ಬದಲಾಗುತ್ತವೆ. ಹುಟ್ಟು ಬದಲಾಗುವುದಿಲ್ಲ.

ಪ್ರಶ್ನೆ: ಒಂದು ಗಿಡ ಮಾಲ್ಪಿಗಿಯೇಲ್ಸ್ ಗಣದ್ದು ಅಂತ ನೋಡಿದ ಕೂಡಲೇ ಗುರುತಿಸಲು ಏನಾದರೂ ಲಕ್ಷಣ ಇದೆಯೇ?
– ಗಿಡ ಬೆಳೆಸುವ ಹವ್ಯಾಸದ ಓದುಗರು

ಇಲ್ಲ.

ಇಷ್ಟೇ ಹೇಳಿದರೆ ಸಂಪಾದಕರು ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಗಣದಲ್ಲಿ 36 ಕುಟುಂಬಗಳಿವೆ, ಸುಮಾರು 16,000 ಪ್ರಭೇದಗಳಿವೆ. ಯಾರ್ಯಾರು ಅಂತ ನೋಡಿ: ಹರಳು, ನೆಲ್ಲಿ, ಅಗಸೆ, ಪ್ಯಾಶನ್ ಹಣ್ಣಿನ ಬಳ್ಳಿ, ವಯೊಲೆಟ್, ವಿಲೋ, ಪಾಪ್ಲರ್, ಮುರುಗಲು, ನಾಗಸಂಪಿಗೆ, ಸುರಹೊನ್ನೆ, ಮಾಧವಿ ಬಳ್ಳಿ, ಕೋಕಾ ಗಿಡ, ಸಮುದ್ರದಂಚಿನ ಕಾಂಡ್ಲ. ಇವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ ‘ಇವರಲ್ಲಿ ಏನು ಸಮಾನ?’ ಅಂದರೆ ನಾನೂ ತಲೆ ಕೆರೆದುಕೊಳ್ಳಬೇಕು.

ಇನ್ನೂ ವಿಚಿತ್ರದವರು ಪೊಡೊಸ್ಟಿಮೇಸಿಯಿ. ಭೋರ್ಗರೆದು ಹರಿಯುವ ನೀರಿನಲ್ಲಿ ಬಂಡೆಗೆ ಅಂಟಿಕೊಂಡು ಬೆಳೆಯುತ್ತಾರೆ. ಕೆಲವನ್ನು ನೋಡಿದರೆ ಪಾಚಿಯೋ ಹಾವಸೆಯೋ ಅಂದುಕೊಳ್ಳಬೇಕು. ನೀರು ಇಳಿದಾಗ ಹೂ ಬಿಟ್ಟ ಮೇಲೇ ಇದೂ ಹೂಗಿಡ ಅಂತ ನಂಬಿಕೆ ಬರುವುದು. ಮುರುಗಲು, ಸುರಹೊನ್ನೆಗಳಂಥ ಗಟ್ಟಿ ಎಲೆಯ ಮರಗಳ ಜೊತೆ ಇವರದು ಒಂದೇ ಕವಲು. ಹೈಪೆರಿಕಮ್ ಎಂಬ ಹಳದಿ ಹೂವಿನ ಗಿಡದ ಕುಟುಂಬ ಇವರಿಗೆ ಎಲ್ಲರಿಗಿಂತ ಹತ್ತಿರ. ಯಾವ ಕಣ್ಣಿಗೂ ಇದು ಹೊಳೆಯುವಂತಿರಲಿಲ್ಲ.

ನನ್ನ ಸಲಹೆ ಕೇಳುವುದಾದರೆ, ಗಣವನ್ನು ಗುರುತಿಸಲು ಹೋಗಬೇಡಿ. ಕುಟುಂಬ ಗುರುತಿಸಿ. ಅದು ಕಣ್ಣಿಗೂ ಕೈಗೂ ಸಿಗುವ ಕೆಲಸ.

ಪ್ರಶ್ನೆ: ನಾವು ಬೆಂಥಮ್ ಮತ್ತು ಹೂಕರ್ ಪದ್ಧತಿ ಓದಿ, ಮೂವತ್ತು ವರ್ಷ ಅದನ್ನೇ ಕಲಿಸಿದೆವು. ಈಗ ನೆಲ್ಲಿಯನ್ನು ಹರಳಿನ ಕುಟುಂಬದಿಂದ ತೆಗೆದಿದ್ದಾರೆ. ಇನ್ನೊಂದು ಕಡೆ ಯಾವುದೋ ಹೊಸ ಕುಟುಂಬ ಹುಟ್ಟಿಸಿದ್ದಾರೆ. ಕೆಲಸವಿಲ್ಲದವರು ಹೆಸರು ಬದಲಿಸುತ್ತಾ ಕೂತಿದ್ದಾರೆ ಅನಿಸುವುದಿಲ್ಲವೇ?
– ನಿವೃತ್ತ ಉಪನ್ಯಾಸಕರು

ಅನಿಸುವುದಿಲ್ಲ ಸಾರ್. ನಾನೂ ಅದೇ ಪದ್ಧತಿ ಓದಿ, ಅದನ್ನೇ ಕಲಿಸಿದವಳು. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಒಪ್ಪಿಗೆ ಮಾತ್ರ ಇಲ್ಲ.

ಗಿಡಗಳನ್ನು ವಿಂಗಡಿಸಿ ಬೆಂಥಮ್ ಮತ್ತು ಹೂಕರ್ ಬರೆದ, 1862ರಿಂದ 1883ರವರೆಗೆ ಹೊರಬಂದ ಆ ದೊಡ್ಡ ಕೃತಿಯ ಬಗ್ಗೆ ನನಗೆ ಅಪಾರ ಗೌರವ. ಗಿಡ ಮುಂದಿಟ್ಟುಕೊಂಡು ನೋಡಿ ಬರೆದದ್ದು ಅದು. ಇವತ್ತಿಗೂ ಒಣಗಿಸಿದ ಮಾದರಿಗಳನ್ನು ಆ ಕ್ರಮದಲ್ಲೇ ಜೋಡಿಸಿಟ್ಟಿರುವ ಸಂಗ್ರಹಾಲಯಗಳಿವೆ. ಆದರೆ ನಮ್ಮ ಈ ಗಣದವರು ಅದರಲ್ಲಿ ಎಲ್ಲೆಲ್ಲಿದ್ದರು ನೆನಪಿಸಿಕೊಳ್ಳಿ. ವಯೊಲೆಟ್ ಪರೈಟೇಲ್ಸ್‌ನಲ್ಲಿ. ಮುರುಗಲು ಗಟ್ಟಿಫೆರೇಲ್ಸ್‌ನಲ್ಲಿ. ಅಗಸೆ, ಮಾಧವಿ ಜಿರೇನಿಯೇಲ್ಸ್‌ನಲ್ಲಿ. ಕಾಂಡ್ಲ ಮಿರ್ಟೇಲ್ಸ್‌ನಲ್ಲಿ, ನೇರಳೆಯ ಜೊತೆ. ಪ್ಯಾಶನ್ ಬಳ್ಳಿ ಪ್ಯಾಸಿಫ್ಲೋರೇಲ್ಸ್‌ನಲ್ಲಿ. ಹರಳು ದೂರದ ಮೊನೊಕ್ಲಮೈಡಿಯಲ್ಲಿ, ದಳವಿಲ್ಲ ಎಂಬ ಕಾರಣಕ್ಕೆ. ವಿಲೋವನ್ನಂತೂ ಎಲ್ಲಿ ಹಾಕಬೇಕೆಂದು ತಿಳಿಯದೆ ಕೊನೆಯಲ್ಲಿ ‘ಅಸಂಗತ’ ಎಂಬ ಗುಂಪಿನಲ್ಲಿಟ್ಟರು. ಪ್ರಾಮಾಣಿಕರು, ಗೊತ್ತಿಲ್ಲ ಅಂತ ಒಪ್ಪಿಕೊಂಡರು. ಇಡೀ ಕೃತಿಯಲ್ಲಿ ಚೆದುರಿಹೋಗಿದ್ದ ಇವರು ಈಗ ಒಂದೇ ಕೊಂಬೆಯವರು ಎಂದು ಗೊತ್ತಾಗಿದೆ. ದಳ ಇರುವುದು, ಇಲ್ಲದಿರುವುದು, ಕೂಡಿರುವುದು ಇವೆಲ್ಲ ಮತ್ತೆ ಮತ್ತೆ ಆಗುವ ಬದಲಾವಣೆಗಳು. ಅದನ್ನೇ ಮೊದಲ ವಿಂಗಡಣೆಗೆ ಬಳಸಿದ್ದರಿಂದ ಒಡಹುಟ್ಟಿದವರು ಬೇರೆ ಬೇರೆ ಕಡೆ ಹೋದರು.

ನೆಲ್ಲಿಯ ವಿಷಯಕ್ಕೆ ಬರೋಣ. ಹರಳು ಕಾಯಿಯಲ್ಲಿ ಮೂರು ಕೋಣೆ, ಕೋಣೆಗೊಂದೇ ಅಂಡಕ, ಅಂದರೆ ಮುಂದೆ ಬೀಜವಾಗುವ ಭಾಗ. ನೆಲ್ಲಿಯ ಅಂಡಾಶಯ ಕತ್ತರಿಸಿ ನೋಡಿ, ಕೋಣೆಗೆ ಎರಡು. ನೆಲ್ಲಿಯಲ್ಲಿ ಹಾಲೂ ಬರುವುದಿಲ್ಲ. ಈ ವ್ಯತ್ಯಾಸ ಹತ್ತೊಂಬತ್ತನೇ ಶತಮಾನದವರಿಗೂ ಗೊತ್ತಿತ್ತು, ನಿಮ್ಮ ಟಿಪ್ಪಣಿ ಪುಸ್ತಕದಲ್ಲೂ ಇದ್ದೀತು. ಆಗ ಅದನ್ನು ಒಂದೇ ಕುಟುಂಬದ ಒಳಗಿನ ವಿಭಾಗ ಅಂದುಕೊಂಡಿದ್ದರು. ಡಿಎನ್‌ಎ ಹೇಳಿದ್ದು, ಈ ಎರಡು ಗುಂಪುಗಳು ಒಂದಕ್ಕೊಂದು ಅತಿ ಹತ್ತಿರದವೇನಲ್ಲ ಅಂತ. ಹಾಗಾಗಿ ನೆಲ್ಲಿ ಈಗ ಫಿಲಾಂತೇಸಿಯಿ. ಹಳೆಯವರ ಕಣ್ಣು ಸರಿಯಾಗಿಯೇ ಕಂಡಿತ್ತು, ಸಾರ್. ಈಗ ಅದಕ್ಕೆ ತೂಕ ಕೊಟ್ಟಿದ್ದಾರೆ, ಅಷ್ಟೇ.

ನೀವು ಹೇಳುವ ಹೊಸ ಕುಟುಂಬ ಪಿರೇಸಿಯಿ ಇರಬೇಕು. ಅದರ ಕಥೆ ಇನ್ನೂ ಚೆನ್ನಾಗಿದೆ. ಈಗಿನ ನಿಯಮ ಏನು ಗೊತ್ತಲ್ಲ, ಒಂದು ಗುಂಪಿಗೆ ಹೆಸರು ಕೊಟ್ಟರೆ ಒಬ್ಬ ಪೂರ್ವಜನ ಎಲ್ಲ ಸಂತಾನವೂ ಅದರಲ್ಲಿರಬೇಕು. ಒಬ್ಬರನ್ನೂ ಹೊರಗಿಡುವಂತಿಲ್ಲ. ರಫ್ಲೀಸಿಯಾ ಹರಳಿನ ಕುಟುಂಬದ ಒಳಗಿನಿಂದ ಹುಟ್ಟಿದ್ದು ಅಂತಾದ ಮೇಲೆ ಎರಡೇ ದಾರಿ. ಒಂದು, ರಫ್ಲೀಸಿಯಾವನ್ನೂ ಯುಫೋರ್ಬಿಯೇಸಿಯಿ ಅಂತಲೇ ಕರೆಯುವುದು. ಇನ್ನೊಂದು, ರಫ್ಲೀಸಿಯಾದ ಕವಲು ಒಡೆಯುವ ಮೊದಲೇ ಬೇರೆಯಾಗಿದ್ದ ಪೆರಾ ಎಂಬ ಮರ ಮತ್ತದರ ಜೊತೆಯವರನ್ನು ಪ್ರತ್ಯೇಕ ಕುಟುಂಬ ಮಾಡುವುದು. ಆಗ ಉಳಿದ ಯುಫೋರ್ಬಿಯೇಸಿಯಿ ಒಂದು ಕಡೆ, ರಫ್ಲೀಸಿಯೇಸಿಯಿ ಒಂದು ಕಡೆ, ಯಾರಿಗೂ ತೊಂದರೆ ಇಲ್ಲ. ಹೂಗಿಡಗಳನ್ನು ವರ್ಗೀಕರಿಸುವ ವಿಜ್ಞಾನಿಗಳ ತಂಡವಾದ ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್ 2016ರ ತನ್ನ ನಾಲ್ಕನೇ ಪರಿಷ್ಕರಣೆಯಲ್ಲಿ ಎರಡನೇ ದಾರಿ ಹಿಡಿಯಿತು. ಎಲೆಯಿಲ್ಲದ ಒಂದು ಪರಾವಲಂಬಿಯಿಂದಾಗಿ, ಅದರ ಹೆಸರೇ ಕೇಳದ ಮರಗಳಿಗೆ ಹೊಸ ಕುಟುಂಬ ಸಿಕ್ಕಿತು.

ಪ್ರಶ್ನೆ: ಮಾಲ್ಪಿಗಿ ಅಂದರೆ ಯಾರು? ಈ ಗಣವನ್ನು ಕಂಡುಹಿಡಿದವರೇ?
– ಎಂಟನೇ ತರಗತಿ ವಿದ್ಯಾರ್ಥಿ

ಅಲ್ಲ ಪುಟ್ಟ. ಮಾರ್ಚೆಲ್ಲೊ ಮಾಲ್ಪಿಗಿ 1628ರಿಂದ 1694ರವರೆಗೆ ಇಟಲಿಯಲ್ಲಿದ್ದ ವೈದ್ಯ. ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ ರಕ್ತದ ಸಣ್ಣ ಸಣ್ಣ ಲೋಮನಾಳಗಳನ್ನು ಮೊದಲು ಕಂಡವನು. ಗಿಡಗಳ ಒಳರಚನೆಯ ಬಗ್ಗೆಯೂ ಬರೆದ. ಆ ಗೌರವಕ್ಕೆ ಒಂದು ಗಿಡಕ್ಕೆ ಮಾಲ್ಪಿಗಿಯಾ ಅಂತ ಹೆಸರಿಟ್ಟರು. ಗಿಡದಿಂದ ಕುಟುಂಬಕ್ಕೆ, ಕುಟುಂಬದಿಂದ ಗಣಕ್ಕೆ ಹೆಸರು ಹತ್ತಿತು.

ಆ ಕುಟುಂಬದ ಹೂವನ್ನು ನೋಡಿದ್ದೀಯಾ? ಮಾಧವಿ ಬಳ್ಳಿ ಸಿಕ್ಕರೆ ನೋಡು. ಐದು ಎಸಳು, ಬುಡದಲ್ಲಿ ಸಣ್ಣ ತೊಟ್ಟು, ಅಂಚಿನಲ್ಲಿ ಕತ್ತರಿಸಿದಂಥ ಕುಚ್ಚು. ಈ ಕುಟುಂಬ ಶುರುವಾದದ್ದು ದಕ್ಷಿಣ ಅಮೆರಿಕದಲ್ಲಿ. ಅಲ್ಲಿನ ಹೂಗಳು ಜೇನಿನ ಬದಲು ಎಣ್ಣೆ ಕೊಡುತ್ತವೆ. ಹೂವಿನ ಹಸಿರು ಪುಷ್ಪಪತ್ರದ ಹೊರಗೆ ಎಣ್ಣೆಯ ಗ್ರಂಥಿಗಳಿವೆ. ಸೆಂಟ್ರಿಸ್ ಮುಂತಾದ ಜೇನ್ನೊಣಗಳು ಅದನ್ನು ಕಾಲಿನಿಂದ ಕೆರೆದು ಮರಿಗಳಿಗೆ ಒಯ್ಯುತ್ತವೆ. ಆ ನೊಣಗಳು ಅದೇ ಎಸಳಿನ ತೊಟ್ಟನ್ನು ಕಚ್ಚಿ ಹಿಡಿಯುವುದರಿಂದ ಕೋಟ್ಯಂತರ ವರ್ಷ ಹೂವಿನ ಆಕಾರ ಹೆಚ್ಚುಕಡಿಮೆ ಒಂದೇ ಥರ ಉಳಿಯಿತು. ಕೆಲವು ಕವಲುಗಳು ಆಫ್ರಿಕಾ, ಏಷ್ಯಾಗಳಿಗೆ ಬಂದವು. ಇಲ್ಲಿ ಆ ನೊಣಗಳೇ ಇಲ್ಲ! ಎಣ್ಣೆ ಯಾರಿಗೆ ಬೇಕು? ಗ್ರಂಥಿಗಳು ಕಡಿಮೆಯಾದವು, ಹೂವಿನ ರೂಪವೂ ಬದಲಾಯಿತು. ಮಾಧವಿಯಲ್ಲಿ ಈಗ ಒಂದು ದೊಡ್ಡ ಗ್ರಂಥಿ ಇದೆ, ಅದರಿಂದ ಬರುವುದು ಸಿಹಿ ರಸ.

ಪ್ರಶ್ನೆ: ಕಾಂಡ್ಲ ಕಾಡಿನ ಗಿಡಗಳೆಲ್ಲ ಒಂದೇ ಗಣವೇ? ಎಲ್ಲದಕ್ಕೂ ವಿಚಿತ್ರ ಬೇರುಗಳಿರುತ್ತವಲ್ಲ?
– ಪದವಿಪೂರ್ವ ವಿದ್ಯಾರ್ಥಿ

ಅಲ್ಲ. ಕಾಲುಗಳ ಮೇಲೆ ನಿಂತಂತೆ ಕಾಣುವ ರೈಜೋಫೊರಾ, ಅದೇ ಕುಟುಂಬದ ಬ್ರುಗೇರಾ, ಸೆರಿಯಾಪ್ಸ್ ಇವು ಮಾಲ್ಪಿಗಿಯೇಲ್ಸ್. ಪೆನ್ಸಿಲ್‌ನಂಥ ಉಸಿರುಬೇರು ಎಬ್ಬಿಸುವ ಅವಿಸೀನಿಯಾ ತುಳಸಿ ಇರುವ ಲೇಮಿಯೇಲ್ಸ್ ಗಣದ್ದು. ಸೊನ್ನರೇಶಿಯಾ ದಾಳಿಂಬೆಯ ಕುಟುಂಬದ್ದು. ಉಪ್ಪುನೀರಿನಲ್ಲಿ ಬದುಕುವುದು ಒಂದು ಕಸುಬು, ಬೇರೆ ಬೇರೆ ಮನೆಯವರು ಬೇರೆ ಬೇರೆಯಾಗಿ ಕಲಿತದ್ದು. ರೈಜೋಫೊರಾದ ಕುಟುಂಬದಲ್ಲೇ ಹೆಚ್ಚಿನ ಪ್ರಭೇದಗಳು ಸಮುದ್ರ ಕಾಣದ ಒಳನಾಡಿನ ಕಾಡುಗಳಲ್ಲಿವೆ.

ಈ ಕುಟುಂಬಕ್ಕೆ ಅತಿ ಹತ್ತಿರದ ಕುಟುಂಬ ಯಾವುದು ಹೇಳು? ಕೋಕಾ ಗಿಡದ್ದು. ಕೊಕೇನ್ ಎನ್ನುವುದು ಟ್ರೋಪೇನ್ ಜಾತಿಯ ಆಲ್ಕಲಾಯ್ಡ್, ಅಂದರೆ ಗಿಡ ತಯಾರಿಸುವ ಒಂದು ಬಗೆಯ ರಸಾಯನ. ಅದೇ ಜಾತಿಯ ಆಲ್ಕಲಾಯ್ಡ್‌ಗಳು ಬ್ರುಗೇರಾದಲ್ಲೂ ಸಿಗುತ್ತವೆ. ಹಾಗಂತ ರಸಾಯನವನ್ನು ಕಣ್ಣುಮುಚ್ಚಿ ನಂಬಬೇಡ. ದತ್ತೂರಿಯಲ್ಲೂ ಟ್ರೋಪೇನ್ ಇದೆ, ಅದು ದೂರದ ಬದನೆ ಕುಟುಂಬ, ಅಲ್ಲಿ ಅದನ್ನು ಮಾಡುವ ಕಿಣ್ವವೇ ಬೇರೆ. ಇದೇ ಗಣದ ಪುತ್ರಂಜೀವ ಮರದಲ್ಲಿ ಸಾಸಿವೆಯ ಘಾಟಿನ ಸಂಯುಕ್ತಗಳಿವೆ. ಸಾಸಿವೆ ಗಣದ ಹೊರಗೆ ಇದನ್ನು ಮಾಡುವವರು ಬಹಳ ಅಪರೂಪ. ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದ ಗುಣ ಅದು.

ಪ್ರಶ್ನೆ: ಟಾನಿ ಕೋಸ್ಟರ್ ಚಿಟ್ಟೆಯ ಹುಳು ಪ್ಯಾಶನ್ ಬಳ್ಳಿಯನ್ನೂ ತಿನ್ನುತ್ತದೆ, ಪುರುಷರತ್ನ ಎಂಬ ಪುಟ್ಟ ಗಿಡವನ್ನೂ ತಿನ್ನುತ್ತದೆ. ಎರಡಕ್ಕೂ ಏನು ಸಂಬಂಧ?
– ಚಿಟ್ಟೆಗಳ ಹಿಂದೆ ಬಿದ್ದ ಓದುಗರು

ಆಹಾ, ಇದು ನನಗೆ ಇಷ್ಟವಾದ ಪ್ರಶ್ನೆ! ಪುರುಷರತ್ನ ವಯೊಲೆಟ್ ಕುಟುಂಬದ್ದು. ಪ್ಯಾಶನ್ ಬಳ್ಳಿಯ ಕುಟುಂಬವೂ ವಯೊಲೆಟ್ ಕುಟುಂಬವೂ ಈ ಗಣದೊಳಗೆ ಒಂದೇ ಕವಲಿನವು. ವಿಲೋ, ಪಾಪ್ಲರ್‌ಗಳ ಸೇಲಿಕೇಸಿಯಿ ಕೂಡ ಅದೇ ಕವಲು. ಕಾಮನ್ ಲೆಪರ್ಡ್ ಚಿಟ್ಟೆಯನ್ನೂ ಗಮನಿಸಿ. ಅದರ ಹುಳು ಫ್ಲಕೋರ್ಶಿಯಾ ಎಂಬ ಗಿಡದ ಎಲೆ ತಿನ್ನುತ್ತದೆ, ವಿಲೋ ಎಲೆಯನ್ನೂ ತಿನ್ನುತ್ತದೆ. ಪುಸ್ತಕಗಳಲ್ಲಿ ಈ ಎರಡು ಗಿಡಗಳು ಬಹಳ ಕಾಲ ಬೇರೆ ಬೇರೆ ಕುಟುಂಬದಲ್ಲಿದ್ದವು.

ಆಗಿನ ಫ್ಲಕೋರ್ಶಿಯೇಸಿಯಿ ಎಂಬ ಕುಟುಂಬ, ನಿಜ ಹೇಳಬೇಕೆಂದರೆ, ಕಸದ ಬುಟ್ಟಿ. ಉಷ್ಣವಲಯದ ಮರ, ಯಾವ ಕುಟುಂಬ ಅಂತ ಗೊತ್ತಾಗುತ್ತಿಲ್ಲ, ಅಲ್ಲಿ ಹಾಕು! ಡಿಎನ್‌ಎ ಬಂದ ಮೇಲೆ ಅದನ್ನು ಒಡೆದರು. ಒಂದು ಗುಂಪಿನ ಎಲೆಗಳಲ್ಲಿ ಸಯನೈಡ್ ಬಿಡುವ ವಿಶೇಷ ಸಂಯುಕ್ತಗಳಿದ್ದವು. ಗರುಡಫಲದ ಜೊತೆಯವರು ಇವರು. ಅವರು ಅಕಾರಿಯೇಸಿಯಿಗೆ ಹೋದರು. ವಿಲೋವಿನಂಥ ಎಲೆಯಂಚಿನ ಹಲ್ಲು, ವಿಲೋವಿನಂಥ ರಸಾಯನ ಇದ್ದವರು ವಿಲೋ ಜೊತೆ ಸೇರಿದರು. ಬೆಂಥಮ್ ಮತ್ತು ಹೂಕರ್ ಎಲ್ಲಿಡಬೇಕೆಂದು ತಿಳಿಯದ ವಿಲೋಗೆ ಕೊನೆಗೂ ಮನೆ ಸಿಕ್ಕಿತು. ಹುಳುಗಳಿಗೆ ಎಲೆಯ ರುಚಿಯಲ್ಲೇ ಇದು ಗೊತ್ತಿತ್ತು ಅನ್ನಿ. ಆದರೆ ಈಗಷ್ಟೇ ಹೇಳಿದ ಎಚ್ಚರಿಕೆ ಇಲ್ಲಿಗೂ ಅನ್ವಯ, ಹುಳು ತಿಂದದ್ದೆಲ್ಲ ನೆಂಟಸ್ತಿಕೆಯ ಸಾಕ್ಷಿಯಲ್ಲ.

ಪ್ರಶ್ನೆ: ಡಿಎನ್‌ಎ ಬಂದ ಮೇಲೆ ಎಲ್ಲ ತೀರ್ಮಾನವಾಯಿತಲ್ವಾ? ಇನ್ನೇನು ಉಳಿದಿದೆ?
– ಸಂಶೋಧನೆಗೆ ಸೇರಬೇಕೆಂದಿರುವ ಓದುಗ

ಬೇಕಾದಷ್ಟು ಉಳಿದಿದೆ. ಯಾರು ಈ ಗಣದವರು ಎಂಬುದು ಗಟ್ಟಿಯಾಗಿದೆ. ಗಣದ ಒಳಗೆ ಯಾರಿಗೆ ಯಾರು ಹತ್ತಿರ ಎಂಬಲ್ಲಿ ಜಗಳ ನಿಂತಿಲ್ಲ.

2005ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಈ ಗಣದ ಬಹುತೇಕ ಕುಟುಂಬಗಳು ಸುಮಾರು 11 ಕೋಟಿ ಮತ್ತು 9.5 ಕೋಟಿ ವರ್ಷಗಳ ಹಿಂದಿನ ನಡುವೆ ಬೇಗ ಬೇಗ ಕವಲೊಡೆದವು. ಇವರಲ್ಲಿ ಬಹಳಷ್ಟು ಜನ ದಟ್ಟ ಮಳೆಕಾಡಿನ ನೆರಳಿನವರು. ಹಾಗಾದರೆ ಅಂಥ ಕಾಡುಗಳೂ ಅಷ್ಟೇ ಹಳೆಯವು ಎಂದು ಆ ತಂಡ ವಾದಿಸಿತು. ಕವಲುಗಳ ನಡುವೆ ಸಮಯ ಕಡಿಮೆ ಇದ್ದರೆ ಡಿಎನ್‌ಎಯಲ್ಲಿ ಗುರುತುಗಳೂ ಕಡಿಮೆ ಬೀಳುತ್ತವೆ. ಅದರ ಮೇಲೆ ಹತ್ತು ಕೋಟಿ ವರ್ಷದ ಬದಲಾವಣೆಗಳು ಬಂದು ಕೂತಿವೆ. 2012ರಲ್ಲಿ 82 ಕ್ಲೋರೋಪ್ಲಾಸ್ಟ್ ಜೀನುಗಳನ್ನು ಬಳಸಿ ಮೂರು ದೊಡ್ಡ ಕೊಂಬೆಗಳನ್ನು ಗುರುತಿಸಿದರು. ದೊಡ್ಡ ಹೆಜ್ಜೆಯೇ. ಆಮೇಲೆ ನ್ಯೂಕ್ಲಿಯಸ್ಸಿನ ನೂರಾರು ಜೀನುಗಳನ್ನು ನೋಡಿದರೆ ಒಂದೊಂದು ಜೀನು ಒಂದೊಂದು ಮರ ಬರೆಯಿತು. 2021ರ ಒಂದು ಅಧ್ಯಯನ ಇದಕ್ಕೆ ಮೂರು ಕಾರಣ ಕೊಟ್ಟಿತು: ಒಂದೊಂದು ಜೀನಿನ ಮರವನ್ನು ಲೆಕ್ಕ ಹಾಕುವುದರಲ್ಲೇ ಆಗುವ ತಪ್ಪು, ಹಳೆಯ ಕಾಲದಲ್ಲಿ ಕವಲುಗಳ ನಡುವೆ ನಡೆದ ಬೆರಕೆ, ಮತ್ತು ಪೂರ್ವಜರಲ್ಲಿದ್ದ ವೈವಿಧ್ಯ ಅಡ್ಡಾದಿಡ್ಡಿಯಾಗಿ ಹಂಚಿಹೋದದ್ದು. ಈ ಕೊನೆಯದನ್ನು ಹೀಗೆ ಯೋಚಿಸಿ. ದೊಡ್ಡ ಮನೆ ಪಾಲಾಗುವಾಗ ಅಜ್ಜಿಯ ಒಡವೆ ಯಾರ್ಯಾರಿಗೋ ಹೋಗುತ್ತದೆ. ಒಂದೇ ಜೊತೆಯ ಬಳೆ ಇಬ್ಬರ ಮನೆಯಲ್ಲಿದೆ ಎಂದ ಮಾತ್ರಕ್ಕೆ ಆ ಇಬ್ಬರೇ ಎಲ್ಲರಿಗಿಂತ ಹತ್ತಿರದವರು ಅಂತ ಹೇಳಲಾಗದು.

ಗಣದ ಹೊರಗೂ ತಕರಾರಿದೆ. ಕಮರಾಕ್ಷಿ, ಬಿಂಬುಳಿಗಳ ಆಕ್ಸಾಲಿಡೇಲ್ಸ್ ಮತ್ತು ಜ್ಯೋತಿಷ್ಮತಿಯ ಸೆಲಾಸ್ಟ್ರೇಲ್ಸ್ ಇದರ ಒಡಹುಟ್ಟುಗಳು, ಅದು ಸರಿ. ಈ ಮೂವರೂ ಸೇರಿ ಎಲ್ಲಿಗೆ ಹೋಗಬೇಕು? ಕ್ಲೋರೋಪ್ಲಾಸ್ಟ್ ಜೀನುಗಳು ಬಟಾಣಿ, ಗುಲಾಬಿ, ಸೌತೆಗಳ ಕಡೆ ತೋರಿಸುತ್ತವೆ. ನ್ಯೂಕ್ಲಿಯಸ್ಸಿನ ಜೀನುಗಳು ಹತ್ತಿ, ಸಾಸಿವೆ, ಕಿತ್ತಳೆಗಳ ಕಡೆ. ಹೂವಿನ ಒಳರಚನೆ ನೋಡುವವರು ಎರಡನೇ ಕಡೆಗೆ ವಾಲುತ್ತಾರೆ. ಅಂಡಕದ ಎರಡು ಹೊದಿಕೆಗಳಲ್ಲಿ ಒಳಗಿನದು ದಪ್ಪಗಿರುವುದು ಇವರಿಗೂ ಹತ್ತಿಯ ಗುಂಪಿಗೂ ಸಮಾನ. ನಾನು ಸೂಕ್ಷ್ಮದರ್ಶಕದ ಕಾಲದವಳು, ಆ ಹೊದಿಕೆಯ ಮಾತಿಗೆ ನನ್ನ ಮನಸ್ಸು ಸ್ವಲ್ಪ ಜಾಸ್ತಿಯೇ ಸೋಲುತ್ತದೆ. ಬಹಳ ಹಿಂದೆ ಎರಡು ಕಡೆಯ ಪೂರ್ವಜರ ನಡುವೆ ಬೆರಕೆ ನಡೆದಿದ್ದರೆ ಎರಡು ಸಾಕ್ಷಿಗಳೂ ಸರಿಯೇ ಇರಬಹುದು. ನೀವು ಸಂಶೋಧನೆಗೆ ಬರುವುದಾದರೆ ಈ ಬಾಗಿಲು ತೆರೆದೇ ಇದೆ.

ಪ್ರಶ್ನೆ: ಡಿಎನ್‌ಎ ಯಂತ್ರ ನಮ್ಮ ಹತ್ತಿರ ಇಲ್ಲ. ಕೈಮಸೂರ ಮಾತ್ರ ಇದೆ. ಈ ಗಣದಲ್ಲಿ ನೋಡುವಂಥದ್ದು ಏನಾದರೂ ಹೇಳಿ.
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ

ಪಾಯಿನ್ಸೆಟಿಯಾ ಅಥವಾ ಯಾವುದಾದರೂ ಯುಫೋರ್ಬಿಯಾ ತನ್ನಿ. ಪಾಯಿನ್ಸೆಟಿಯಾದ ಕೆಂಪು ಭಾಗ ಎಲೆ, ಅದು ಮಕ್ಕಳಿಗೆ ಗೊತ್ತಿರುತ್ತದೆ. ಅದರ ನಡುವಿನ ಹಸಿರು ಬಟ್ಟಲನ್ನು ನೋಡಿಸಿ. ಒಂದು ಹೂವು, ನಡುವೆ ಅಂಡಾಶಯ, ಸುತ್ತ ಕೇಸರ ಅನ್ನುತ್ತಾರೆ. ಹಾಗೇ ಅನ್ನಲಿ. ಆಮೇಲೆ ಬಟ್ಟಲನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಂದು ಕೇಸರವನ್ನು ಚಿಮುಟದಲ್ಲಿ ಎತ್ತಿ ಮಸೂರದಡಿ ಇಡಿ. ಅದರ ಕಡ್ಡಿಯ ನಡುವೆ ಒಂದು ಗಿಣ್ಣು ಕಾಣುತ್ತದೆ. ಗಿಣ್ಣಿನ ಕೆಳಗಿನದು ಹೂವಿನ ತೊಟ್ಟು, ಮೇಲಿನದು ಕೇಸರದ ಎಳೆ. ಅಂದರೆ ಒಂದೊಂದು ಕೇಸರವೂ ಒಂದೊಂದು ಗಂಡು ಹೂವು, ಉಳಿದದ್ದೆಲ್ಲ ಕಳೆದುಕೊಂಡದ್ದು. ನಡುವಿನ ಅಂಡಾಶಯ ಒಂಟಿ ಹೆಣ್ಣು ಹೂವು. ಮಕ್ಕಳು ಒಂದು ಹೂವು ಎಂದುಕೊಂಡದ್ದು ಒಂದು ಗೊಂಚಲು. ಪಕ್ಕದಲ್ಲಿ ಹರಳಿನ ಗೊಂಚಲನ್ನೂ ಇಡಿ, ಗಂಡು ಹೆಣ್ಣು ಹೂಗಳು ಅಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಎರಡರ ಕಾಯಿಯನ್ನೂ ಅಡ್ಡಕ್ಕೆ ಕತ್ತರಿಸಿ ಕೋಣೆ ಎಣಿಸಿ.

ಯುಫೋರ್ಬಿಯಾದ ಹಾಲು ಕಣ್ಣಿಗೆ ತಾಗಿದರೆ ವಿಪರೀತ ಉರಿ. ಹರಳಿನ ಬೀಜ ವಿಷ, ಯಾರೂ ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಕತ್ತರಿಸುವ ಕೆಲಸ ನೀವೇ ಮಾಡಿ, ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ.